ರೇಷನ್ ನಿಂತಾಗ ಯಾರ ಬಾಗಿಲು ತಟ್ಟಬೇಕು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರಿನವು: ಕಾರ್ಡ್ ಇದೆ, ಅಕ್ಕಿ ಇಲ್ಲ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಇಪ್ಪತ್ತನೇ ತಾರೀಖು ಕಳೆಯಿತು. ಸೊಸೈಟಿಯಲ್ಲಿ ‘ಸ್ಟಾಕ್ ಬಂದಿಲ್ಲ, ನಾಳೆ ಬನ್ನಿ’ ಎನ್ನುತ್ತಾರೆ. ಮುಂದಿನ ತಿಂಗಳು ಎರಡೂ ಸೇರಿಸಿ ಕೊಡುತ್ತಾರಾ? – ಓದುಗರು, ತುಮಕೂರು ಜಿಲ್ಲೆ

ಅದನ್ನು ನಂಬಿ ಕೂರಬೇಡಿ. ಆಯಾ ತಿಂಗಳ ಪಾಲು ಆಯಾ ತಿಂಗಳಿಗೇ ಸಲ್ಲುತ್ತದೆ. ಇಲಾಖೆ ಅವಧಿ ವಿಸ್ತರಿಸಿ ಆದೇಶ ಮಾಡಿದರೆ ಮಾತ್ರ ಹಳೆಯದು ಉಳಿಯುತ್ತದೆ. ಹಾಗಾಗಿ ದೂರು ಕೊಡುವುದಿದ್ದರೆ ಅದೇ ತಿಂಗಳೊಳಗೆ ಕೊಡಿ.

ಮೊದಲು ಅಕ್ಕಿ ಎಲ್ಲಿ ನಿಂತಿದೆ ಎಂದು ಪತ್ತೆ ಮಾಡಿ. ಭಾರತ ಆಹಾರ ನಿಗಮದ ಗೋದಾಮಿನಿಂದ ತಾಲ್ಲೂಕಿನ ಸಗಟು ಮಳಿಗೆಗೆ, ಅಲ್ಲಿಂದ ಲಾರಿಯಲ್ಲಿ ನ್ಯಾಯಬೆಲೆ ಅಂಗಡಿಗೆ, ಇದು ಅದರ ದಾರಿ. 2025ರ ಜುಲೈನಲ್ಲಿ ಬಾಡಿಗೆ ಬಾಕಿ ಎಂದು ಲಾರಿಯವರು ಮುಷ್ಕರ ಹೂಡಿದಾಗ ಸಾಗಣೆಯೇ ನಿಂತಿತು. ಅಂಥ ವೇಳೆ ಅಂಗಡಿಯವರ ಜೊತೆ ಜಗಳವಾಡಿ ಫಲವಿಲ್ಲ. ಪಕ್ಕದ ಊರಿನ ಅಂಗಡಿಯಲ್ಲಿ ಒಮ್ಮೆ ವಿಚಾರಿಸಿ. ಅಲ್ಲಿ ಸ್ಟಾಕ್ ಇದ್ದರೆ ತೊಡಕು ನಿಮ್ಮ ಅಂಗಡಿಯದು, ಇಡೀ ಹೋಬಳಿಯಲ್ಲಿ ಇಲ್ಲವಾದರೆ ಗೋದಾಮು ಅಥವಾ ಸಾಗಣೆಯದು. ಪಕ್ಕದೂರಿನಲ್ಲಿ ಇದ್ದರೆ ಅಲ್ಲೇ ಬೆರಳೊತ್ತಿ ತೆಗೆದುಕೊಳ್ಳಿ. ರಾಜ್ಯದೊಳಗೆ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಪಡಿತರ ಪಡೆಯಲು ಅವಕಾಶವಿದೆ. ‘ನಿಮ್ಮ ಕಾರ್ಡ್ ನಮ್ಮದಲ್ಲ’ ಎಂಬ ಮಾತು ಅಂಗಡಿಯವರ ಅನುಕೂಲಕ್ಕೆ ಹುಟ್ಟಿದ್ದು.

ಎಲ್ಲೂ ಇಲ್ಲವೆಂದಾದರೆ ಪಡಿತರ ಸಹಾಯವಾಣಿ 1967ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ಅಷ್ಟಕ್ಕೇ ನಿಲ್ಲಿಸದೆ ತಹಶೀಲ್ದಾರರ ಕಚೇರಿಯ ಆಹಾರ ಶಾಖೆಗೆ ಅರ್ಧ ಪುಟದ ಅರ್ಜಿ ಕೊಡಿ. ಕಾರ್ಡ್ ಸಂಖ್ಯೆ, ಅಂಗಡಿ ಸಂಖ್ಯೆ, ಯಾವ ತಿಂಗಳು, ಯಾವ ಯಾವ ದಿನ ಹೋಗಿದ್ದಿರಿ, ಏನು ಹೇಳಿದರು, ಎಷ್ಟು ಕಿಲೋ ಬರಬೇಕಿತ್ತು ಎಂಬುದಿಷ್ಟೇ ಅದರಲ್ಲಿರಲಿ. ‘ಬಡವರ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದಾರೆ’ ಎಂಬ ಸಾಲುಗಳು ಬೇಡ, ತಾರೀಖು ಮತ್ತು ಕಿಲೋ ಸಾಕು. ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಅಲ್ಲಿಯೂ ಆಗದಿದ್ದರೆ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿ ಇದ್ದಾರೆ. ಅವರ ಮೇಲೆ ರಾಜ್ಯ ಆಹಾರ ಆಯೋಗವಿದೆ. ಜಿಲ್ಲಾ ಅಧಿಕಾರಿ ಹೇಳಿದ ಪರಿಹಾರವನ್ನು ಸಕಾರಣವಿಲ್ಲದೆ ಕೊಡದ ನೌಕರರಿಗೆ ಆಯೋಗ 5,000 ರೂಪಾಯಿವರೆಗೆ ದಂಡ ಹಾಕಬಹುದು.

ಎಷ್ಟು ಬರಬೇಕೆಂಬ ಲೆಕ್ಕವೂ ಗೊತ್ತಿರಲಿ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಲ್ಲಿ ಆದ್ಯತಾ (ಬಿಪಿಎಲ್) ಕಾರ್ಡಿಗೆ ತಲೆಗೆ 5 ಕಿಲೋ, ಅಂತ್ಯೋದಯ ಕಾರ್ಡಿಗೆ ಮನೆಗೆ 35 ಕಿಲೋ. ಅದರ ಮೇಲೆ ರಾಜ್ಯ ಕೊಡುವುದರ ರೂಪ ಬದಲಾಗುತ್ತಾ ಬಂದಿದೆ: 2023ರ ಜುಲೈನಿಂದ ತಲೆಗೆ 170 ರೂಪಾಯಿ ನಗದು ಇತ್ತು, 2025ರಲ್ಲಿ ಅದೇ ಅಕ್ಕಿಯಾಯಿತು. ಕಾಯ್ದೆಯ ಪಾಲು ಕೊಡದಿದ್ದರೆ 8ನೇ ಸೆಕ್ಷನ್ ಪ್ರಕಾರ ಸರ್ಕಾರ ಆಹಾರ ಭದ್ರತಾ ಭತ್ಯೆ ಎಂದು ಹಣ ಕೊಡಬೇಕು. ತಾನಾಗಿ ಬಂದೀತು ಎಂದು ಕಾಯಬೇಡಿ, ಅರ್ಜಿಯಲ್ಲೇ ಆ ಸೆಕ್ಷನ್ ನಮೂದಿಸಿ ಕೇಳಿ. ಯುದ್ಧದಲ್ಲಿ ಇಲ್ಲವೇ ನೆರೆ, ಬರ, ಭೂಕಂಪದಂಥ ವಿಕೋಪದಲ್ಲಿ ಪೂರೈಕೆ ನಿಂತರೆ ಮಾತ್ರ ಕಾಯ್ದೆಯ ಈ ಹೊಣೆಗೆ ವಿನಾಯಿತಿ ಇದೆ. ಲಾರಿ ಬಾಡಿಗೆ ಬಾಕಿ ಆ ಪಟ್ಟಿಯಲ್ಲಿಲ್ಲ.

ಒಂದನೇ ತಾರೀಖು ಬೆರಳು ಒತ್ತಿಸಿಕೊಂಡು ಚೀಟಿ ಕೊಟ್ಟರು. ಅಕ್ಕಿ ‘ಆಮೇಲೆ’ ಎಂದರು. ಈಗ ಮುಗಿದಿದೆ ಎನ್ನುತ್ತಾರೆ. – ಹೆಸರು ಬೇಡ

ಬೆರಳೊತ್ತಿದ ಕ್ಷಣಕ್ಕೆ ಕಂಪ್ಯೂಟರಿನಲ್ಲಿ ನೀವು ಅಕ್ಕಿ ಒಯ್ದಾಯಿತು. ದೂರು ಕೊಟ್ಟರೂ ‘ವಿತರಣೆಯಾಗಿದೆ’ ಎಂಬ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಆದ್ದರಿಂದ ಇನ್ನು ಮುಂದೆ ಅಕ್ಕಿ ತಕ್ಕಡಿಯ ಮೇಲೆ ಬಂದ ಮೇಲೆ ಬೆರಳು. ಈಗಿನದಕ್ಕೆ ಆ ಚೀಟಿಯೇ ಸಾಕ್ಷಿ, ಫೋಟೋ ತೆಗೆದಿಡಿ. ಹೀಗೆ ಚೀಟಿ ಹಿಡಿದು ಕಾಯುತ್ತಿರುವವರು ನೀವೊಬ್ಬರೇ ಆಗಿರಲಾರಿರಿ. ಐದಾರು ಮನೆಯವರು ಒಂದೇ ಅರ್ಜಿಗೆ ಸಹಿ ಹಾಕಿ ಆಹಾರ ನಿರೀಕ್ಷಕರಿಂದ ಸ್ಟಾಕ್ ತಪಾಸಣೆ ಕೇಳಿ. ಯಂತ್ರದಲ್ಲಿ ಹೋಗಿರುವ ಅಕ್ಕಿ ಅಂಗಡಿಯಲ್ಲಿ ಉಳಿದಿದ್ದರೆ ನಿಮ್ಮದು ನಿಮಗೆ ಸಿಗಬೇಕು. ಉಳಿದಿಲ್ಲವಾದರೆ ಎಲ್ಲಿಗೆ ಹೋಯಿತೆಂದು ಅಂಗಡಿಯವರು ಉತ್ತರಿಸಬೇಕು.

ತೂಕದ ಮಾತೂ ಇಲ್ಲೇ ಬರಲಿ. ಒಬ್ಬರಿಗೆ ಅರ್ಧ ಕಿಲೋ ಕಡಿಮೆ ಕೊಟ್ಟು ‘ಗೋಣಿ ತೂಕ’ ಎನ್ನುವುದುಂಟು. 50 ಕಿಲೋ ಹಿಡಿಯುವ ಸೆಣಬಿನ ಖಾಲಿ ಚೀಲವೇ ಸುಮಾರು 580 ಗ್ರಾಂ. ಒಂದು ಚೀಲದ ತೂಕವನ್ನು ಐದಾರು ಮನೆಗಳ ಮೇಲೂ ಹಾಕಿದರೆ ಉಳಿಯುವುದು ಯಾರಿಗೆ, ನೀವೇ ಲೆಕ್ಕ ಹಾಕಿ.

ಅಜ್ಜಿಯ ಬೆರಳಚ್ಚು ಬರುವುದೇ ಇಲ್ಲ. ಅವರೊಬ್ಬರದೇ ಕಾರ್ಡ್. – ಓದುಗರು, ಹಾವೇರಿ

ಬೀಡಿ ಕಟ್ಟಿ, ಕಳೆ ಕಿತ್ತು ಸವೆದ ಕೈಗಳಿಗೆ ಇದು ಸಾಮಾನ್ಯ. ಕೈ ತೊಳೆದು ಒರೆಸಿ, ಒಂದು ಹನಿ ಎಣ್ಣೆ ಸವರಿ ಮತ್ತೆ ಒರೆಸಿ ಹತ್ತೂ ಬೆರಳು ನೋಡಿ. ಹೆಬ್ಬೆಟ್ಟಿಗಿಂತ ಉಂಗುರದ ಬೆರಳು ಕಡಿಮೆ ಸವೆದಿರುತ್ತದೆ. ಆಗದಿದ್ದರೆ ಕಣ್ಣಿನ ಸ್ಕ್ಯಾನ್ ಅಥವಾ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿ ಕೇಳಿ. ಅದೂ ಇಲ್ಲವೆಂದರೆ ಬೆರಳಚ್ಚು ವಿನಾಯಿತಿ ಬೇಕೆಂದು ಆಹಾರ ಶಾಖೆಗೆ ಅರ್ಜಿ ಕೊಡಿ. ಬೆರಳಚ್ಚು ಹೊಂದಲಿಲ್ಲ ಎಂಬ ಕಾರಣಕ್ಕೆ ಅರ್ಹರಿಗೆ ಧಾನ್ಯ ನಿರಾಕರಿಸಬಾರದೆಂದು ಕೇಂದ್ರ ಆಹಾರ ಇಲಾಖೆ 2017ರ ಅಕ್ಟೋಬರ್ 24ರಂದೇ ರಾಜ್ಯಗಳಿಗೆ ಬರೆದಿದೆ. ಒಂಟಿ ವೃದ್ಧರ ಮನೆಗೇ ಪಡಿತರ ತಲುಪಿಸುವ ‘ಅನ್ನ ಸುವಿಧಾ’ಕ್ಕೆ ಅಜ್ಜಿಯ ಹೆಸರು ಬರುತ್ತದೆಯೇ ಎಂದೂ ಅಲ್ಲೇ ವಿಚಾರಿಸಿ.

ಕಟ್ಟಡ ಕೆಲಸಕ್ಕೆ ಪುಣೆಗೆ ಬಂದಿದ್ದೇವೆ. ಕಾರ್ಡ್ ಕಲಬುರಗಿಯದು. – ಓದುಗರು

ಅಲ್ಲಿಯೇ ಪಡೆಯಬಹುದು. ಕರ್ನಾಟಕ, ಮಹಾರಾಷ್ಟ್ರ ಎರಡೂ 2020ರ ಜನವರಿಯಿಂದ ‘ಒಂದು ದೇಶ ಒಂದು ಪಡಿತರ ಚೀಟಿ’ ವ್ಯವಸ್ಥೆಯಲ್ಲಿವೆ. ಕಾರ್ಡ್ ಸಂಖ್ಯೆ ಅಥವಾ ಆಧಾರ್ ಸಂಖ್ಯೆ ಹೇಳಿ ಬೆರಳೊತ್ತಿದರೆ ಸಾಕು. ಆದರೆ ಸಿಗುವುದು ಕಾಯ್ದೆಯ ಪಾಲು ಮಾತ್ರ, ಕರ್ನಾಟಕ ಸೇರಿಸಿ ಕೊಡುವುದು ಅಲ್ಲಿ ಸಿಗದು. ಜೋಳ, ರಾಗಿ ಬದಲು ಗೋಧಿ ಬಂದರೆ ಆಶ್ಚರ್ಯ ಬೇಡ. ಒಂದೇ ಕಾರ್ಡಿನಲ್ಲಿ ಇಬ್ಬರು ಪುಣೆಯಲ್ಲಿ, ಮೂವರು ಊರಲ್ಲಿದ್ದರೆ ಪಾಲನ್ನು ಒಡೆದು ಎರಡು ಕಡೆ ಎತ್ತಬಹುದು. ಇದನ್ನು ಮನೆಯವರೊಡನೆ ಮೊದಲೇ ಮಾತಾಡಿಕೊಳ್ಳಿ, ಯಾರಾದರೂ ಪೂರ್ತಿ ಎತ್ತಿಬಿಟ್ಟರೆ ಇನ್ನೊಬ್ಬರಿಗೆ ಸೊನ್ನೆ. ಅಂಗಡಿಯವರು ನಿರಾಕರಿಸಿದರೆ ಈ ವ್ಯವಸ್ಥೆಯ ಸಹಾಯವಾಣಿ 14445ಕ್ಕೆ ಕರೆ ಮಾಡಿ. ಇ-ಕೆವೈಸಿ (ಆಧಾರ್ ಮೂಲಕ ಗುರುತು ಖಚಿತಪಡಿಸುವುದು) ಆಗದವರು ಯಾರಾದರೂ ಕಾರ್ಡಿನಲ್ಲಿದ್ದರೆ ಮುಗಿಸಿಬಿಡಿ.

ಹೇಳದೆ ಕೇಳದೆ ಕಾರ್ಡ್ ರದ್ದಾಗಿದೆ. – ಓದುಗರು, ಮಂಡ್ಯ

ಆಹಾರ ಇಲಾಖೆಯ ಜಾಲತಾಣದಲ್ಲಿ ರದ್ದಾದ, ತಡೆಹಿಡಿದ ಚೀಟಿಗಳ ಪಟ್ಟಿ ಹಳ್ಳಿವಾರು ಸಿಗುತ್ತದೆ. ಅದರಲ್ಲಿ ಕಾರಣ ನೋಡಿ. ಹಲವರದು ಒಂದೇ ಕಥೆ: ಸಾಲ ಬೇಕೆಂದು ಆದಾಯ ತೆರಿಗೆ ರಿಟರ್ನ್ ಸಲ್ಲಿಸಿರುತ್ತಾರೆ, ಕಟ್ಟಿದ ತೆರಿಗೆ ಸೊನ್ನೆ, ಆದರೂ ಹೆಸರು ತೆರಿಗೆದಾರರ ಪಟ್ಟಿಯೊಡನೆ ತಾಳೆಯಾಗಿಬಿಡುತ್ತದೆ. ತೆರಿಗೆ ಸೊನ್ನೆ ಎಂದು ತೋರಿಸುವ ರಿಟರ್ನ್ ಪ್ರತಿ ಮತ್ತು ಆದಾಯ ಪ್ರಮಾಣಪತ್ರ ಇಟ್ಟು ತಹಶೀಲ್ದಾರರಿಗೆ ಮರುಪರಿಶೀಲನೆಯ ಅರ್ಜಿ ಕೊಡಿ. ನಿಜವಾಗಿಯೂ ತೆರಿಗೆ ಕಟ್ಟುವವರಾದರೆ ಆ ದಾರಿ ಇಲ್ಲ.

ಶಾಲೆಯಲ್ಲಿ ವಾರದಿಂದ ಬಿಸಿಯೂಟವಿಲ್ಲ. – ಪೋಷಕರು, ರಾಯಚೂರು ಜಿಲ್ಲೆ

ಧಾನ್ಯವಿಲ್ಲ, ಗ್ಯಾಸ್ ಇಲ್ಲ, ಅಡುಗೆಯವರಿಲ್ಲ, ಕಾರಣ ಇವುಗಳಲ್ಲಿ ಯಾವುದೇ ಇರಲಿ, 2015ರ ಬಿಸಿಯೂಟ ನಿಯಮದಂತೆ ಊಟ ತಪ್ಪಿದ ಪ್ರತಿ ದಿನಕ್ಕೂ ಧಾನ್ಯ ಮತ್ತು ಅಡುಗೆ ವೆಚ್ಚವನ್ನು ಭತ್ಯೆಯಾಗಿ ಮುಂದಿನ ತಿಂಗಳ 15ರೊಳಗೆ ಕೊಡಬೇಕು. ಧಾನ್ಯದ ಪ್ರಮಾಣ ದಿನಕ್ಕೆ ಐದನೇ ತರಗತಿವರೆಗೆ 100 ಗ್ರಾಂ, ಆರರಿಂದ ಎಂಟಕ್ಕೆ 150 ಗ್ರಾಂ. ಸತತ ಮೂರು ದಿನ ಅಥವಾ ತಿಂಗಳಲ್ಲಿ ಐದು ದಿನ ತಪ್ಪಿದರೆ ಯಾರ ಹೊಣೆ ಎಂದು ಸರ್ಕಾರ ಗುರುತಿಸಲೇಬೇಕು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯ ನಡಾವಳಿಯಲ್ಲಿ ಊಟ ತಪ್ಪಿದ ದಿನಗಳನ್ನು ಬರೆಸಿ, ಪ್ರತಿಯನ್ನು ತಾಲ್ಲೂಕು ಪಂಚಾಯಿತಿಗೆ ಕಳಿಸಿ.

ದೂರು ಕೊಟ್ಟಾಯಿತು. ಅಲ್ಲಿಯವರೆಗೆ ಒಲೆಯ ಮೇಲೆ ಏನಿಡುವುದು? – ಗೃಹಿಣಿ, ಚಿತ್ರದುರ್ಗ

ಇಬ್ಬರು ದೊಡ್ಡವರು, ಇಬ್ಬರು ಮಕ್ಕಳಿಗೆ ದಿನಕ್ಕೆ ಸುಮಾರು 1.2 ಕಿಲೋ ಧಾನ್ಯ ಬೇಕು, ಹತ್ತು ದಿನಕ್ಕೆ 12 ಕಿಲೋ. ಅದನ್ನೆಲ್ಲ ಸೋನಾ ಮಸೂರಿಯಲ್ಲಿ ತೂಗಬೇಡಿ. ಅರ್ಧ ಅಕ್ಕಿ ನುಚ್ಚು, ಅರ್ಧ ರಾಗಿ ಅಥವಾ ಜೋಳ ತಂದರೆ ಕೈ ಅಷ್ಟು ಕಚ್ಚುವುದಿಲ್ಲ. ಬೇಳೆ ಪೂರ್ತಿ ಬಿಡಬೇಡಿ. ತಲೆಗೆ ದಿನಕ್ಕೆ 30 ಗ್ರಾಂ ಹುರುಳಿಯಾದರೂ ಇರಲಿ, ಅದರ ಕಟ್ಟಿನಲ್ಲೇ ಸಾರು ಮಾಡಿ. ಎರಡು ವರ್ಷದ ಮಗುವಿಗೆ ಬರೀ ಗಂಜಿ ಸಾಲದು. ಮೂರು ಪಾಲು ರಾಗಿ, ಒಂದು ಪಾಲು ಹೆಸರುಕಾಳು ಬೇರೆ ಬೇರೆ ಹುರಿದು ಬೀಸಿಡಿ. 50 ಗ್ರಾಂ ಹಿಟ್ಟನ್ನು ಒಂದೂವರೆ ಲೋಟ ನೀರಲ್ಲಿ ಹತ್ತು ನಿಮಿಷ ಕುದಿಸಿ, ಬೆಲ್ಲ, ಒಂದು ಚಮಚ ಎಣ್ಣೆ ಅಥವಾ ತುಪ್ಪ ಹಾಕಿ ದಿನಕ್ಕೆ ಎರಡು ಸಲ ಕೊಡಿ. ಆರು ತಿಂಗಳಿಂದ ಆರು ವರ್ಷದ ಮಕ್ಕಳಿಗೂ ಬಸುರಿ, ಬಾಣಂತಿಯರಿಗೂ ಅಂಗನವಾಡಿಯಲ್ಲಿ ಸಿಗುವುದು ಬೇರೆಯೇ ಹಕ್ಕು, ರೇಷನ್ ಕಾರ್ಡಿನ ಗೊಡವೆ ಅದಕ್ಕಿಲ್ಲ.

ಕಿರಾಣಿ ಸಾಲಕ್ಕೆ ಕಾರ್ಡ್ ಅಡ ಇಡಬೇಡಿ. ಅಕ್ಕಿ ಬಂದ ದಿನ ಕಾರ್ಡ್ ಅವರ ಕೈಯಲ್ಲಿ, ಬೆರಳು ನಿಮ್ಮದು, ಚೀಲ ಅವರ ಮನೆಗೆ.