ಚಿಕ್ಕಮಗಳೂರಿನಲ್ಲಿ ಹದವಾಗಿದ್ದ ಎಂಜಿನ್ ಚೆನ್ನೈಯಲ್ಲಿ ಸೀಜ್ ಆದದ್ದೇಕೆ?

ಪ್ರಶ್ನೆ: ನನ್ನ 1994ರ ಯಮಹಾ ಆರ್‌ಎಕ್ಸ್ 100 ಬೈಕನ್ನು ರೇಸಿಗೆಂದು ಸಿದ್ಧಪಡಿಸಿದ್ದೇನೆ. ಎಕ್ಸಾಸ್ಟ್ ಪೋರ್ಟನ್ನು (ಸಿಲಿಂಡರಿನಿಂದ ಹೊಗೆ ಹೊರಹೋಗುವ ಕಿಂಡಿ) ಎತ್ತರಿಸಿ, ಎಕ್ಸ್‌ಪ್ಯಾನ್ಷನ್ ಚೇಂಬರ್ (ನಡುವೆ ಉಬ್ಬಿದ ರೇಸ್ ಸೈಲೆನ್ಸರ್) ಕೂರಿಸಿ, ಆಯಿಲ್ ಪಂಪ್ ತೆಗೆದು ಪೆಟ್ರೋಲಿಗೇ ಆಯಿಲ್ ಬೆರೆಸುತ್ತಿದ್ದೇನೆ. ಚಿಕ್ಕಮಗಳೂರಿನ ನಮ್ಮ ತೋಟದ ರಸ್ತೆಯಲ್ಲಿ ಗಾಡಿ ಚೆನ್ನಾಗಿ ಓಡುತ್ತಿತ್ತು. ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ಮೂರನೇ ಸುತ್ತಿಗೇ ಪಿಸ್ಟನ್ ಸೀಜ್ ಆಯಿತು. ಹೊಸ ಪಿಸ್ಟನ್ ಹಾಕಿ, ಲೀಟರಿಗೆ 30 ಮಿ.ಲೀ. ಇದ್ದ ಆಯಿಲನ್ನು 50ಕ್ಕೆ ಏರಿಸಿದರೂ ಮತ್ತೆ ಅದೇ ಗತಿ. ತಪ್ಪೆಲ್ಲಿದೆ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ನಿಮ್ಮ ಕೆಲಸದಲ್ಲಿ ದೊಡ್ಡ ತಪ್ಪೇನೂ ಇಲ್ಲ, ಊರು ಬದಲಾದಾಗ ಕಾರ್ಬುರೇಟರಿನ ಮೇನ್ ಜೆಟ್ (ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ರಂಧ್ರದ ಬಿಡಿಭಾಗ) ಬದಲಾಗಲಿಲ್ಲ, ಅಷ್ಟೇ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ, ನಿಮ್ಮ ತೋಟ ಇನ್ನೂ ಮೇಲಿರಬಹುದು. ಆ ಎತ್ತರದಲ್ಲಿ ಗಾಳಿಯ ಸಾಂದ್ರತೆ ಕಡಲತೀರಕ್ಕಿಂತ ಶೇ. 10ರಷ್ಟು ಕಡಿಮೆ ಇರುವುದರಿಂದ, ಅಲ್ಲಿ ಹದ ಮಾಡಿದ ಜೆಟ್ಟನ್ನೇ ಇಟ್ಟುಕೊಂಡು ಚೆನ್ನೈಯ ಬಯಲಿಗೆ ಇಳಿದರೆ ಎಂಜಿನ್ನಿಗೆ ಗಾಳಿ ಹೆಚ್ಚು ಹೋಗುತ್ತದೆ, ಪೆಟ್ರೋಲ್ ಮಾತ್ರ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಮಿಶ್ರಣ ಹೀಗೆ ತೆಳುವಾದಾಗ ಪಿಸ್ಟನ್ ವಿಪರೀತ ಕಾಯುತ್ತದೆ, ಹಿಗ್ಗಿ ಸಿಲಿಂಡರ್ ಬ್ಲಾಕನ್ನು ಕಚ್ಚುತ್ತದೆ, ಸೀಜ್ ಎಂದರೆ ಇದೇ. ತೋಟದ ತಿರುವುಗಳಲ್ಲಿ ಪೂರ್ತಿ ಥ್ರಾಟಲ್ ಕೆಲವು ಸೆಕೆಂಡು ಮಾತ್ರ ಸಿಗುತ್ತದೆ, 3.7 ಕಿ.ಮೀ. ಉದ್ದದ ಆ ಟ್ರ್ಯಾಕಿನ ನೇರ ಹಾದಿಯಲ್ಲಿ ಅದನ್ನು ಬಿಡದೆ ಹಿಡಿದಿರುತ್ತೀರಿ.

ಆಯಿಲ್ ಏರಿಸಿದ್ದು ನಿಮಗೆ ಉಪಕಾರ ಮಾಡಲಿಲ್ಲ. ಜೆಟ್ಟಿನ ರಂಧ್ರದಲ್ಲಿ ಹಾಯುವುದು ಪೆಟ್ರೋಲ್ ಮತ್ತು ಆಯಿಲ್ ಎರಡೂ ಸೇರಿದ ದ್ರವ; ಆಯಿಲ್ ಹೆಚ್ಚಿದಷ್ಟೂ ಅದರಲ್ಲಿ ಉರಿಯಬೇಕಾದ ಪೆಟ್ರೋಲ್ ಕಡಿಮೆಯಾಗಿ ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ. ರೇಸ್ ಎಂಜಿನ್ನಿಗೆ 30 ಮಿ.ಲೀ.ಗಿಂತ ಹೆಚ್ಚು ಆಯಿಲ್ ಬೇಕೆಂಬುದು ನಿಜ, ಆದರೆ ಆಯಿಲ್ ಏರಿಸಿದಾಗ ಜೆಟ್ಟನ್ನೂ ಮತ್ತೆ ನೋಡಲೇಬೇಕು. ಈಗ ಬಂಕುಗಳಲ್ಲಿ ಸಿಗುವ, ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲೂ ಹಳೆಯ ಜೆಟ್ಟಿಗೆ ತೆಳುವೇ.

ಚೇಂಬರಿನ ಪಾತ್ರವೂ ಇದೆ. ಹೊರಬಿದ್ದ ಹೊಗೆಯ ಒತ್ತಡದ ಅಲೆ ಚೇಂಬರಿನ ಹಿಂದಿನ ಶಂಕುವಿಗೆ ಬಡಿದು ಮರಳಿ, ಪೋರ್ಟಿನಿಂದ ಜಾರುತ್ತಿದ್ದ ಹೊಸ ಮಿಶ್ರಣವನ್ನು ಮತ್ತೆ ಸಿಲಿಂಡರಿಗೆ ತಳ್ಳುತ್ತದೆ. ಪೂರ್ವ ಜರ್ಮನಿಯ ಎಂಜೆಡ್ ಬೈಕ್ ಕಾರ್ಖಾನೆಯಲ್ಲಿ ಎಂಜಿನಿಯರ್ ವಾಲ್ಟರ್ ಕಾಡೆನ್ ಇದೇ ಅಲೆಯನ್ನು ಪಳಗಿಸಿ 1961ರ ಹೊತ್ತಿಗೆ 125 ಸಿಸಿ ಎಂಜಿನ್ನಿನಿಂದ 25 ಅಶ್ವಶಕ್ತಿ ತೆಗೆದರು. ಆ ಸಾಧನೆಯನ್ನು ನೆನೆದಾಗಲೆಲ್ಲ ನನಗೆ ಇಂದಿಗೂ ರೋಮಾಂಚನವಾಗುತ್ತದೆ. ಆದರೆ ಚೇಂಬರ್ ಕೆಲಸ ಮಾಡುವ ವೇಗದಲ್ಲಿ ಶಾಖವೂ ಪೆಟ್ರೋಲಿನ ಅಗತ್ಯವೂ ಏರುತ್ತವೆ. ಆದ್ದರಿಂದ ಪೋರ್ಟನ್ನು ಇನ್ನಷ್ಟು ಎತ್ತರಿಸಲು ಸದ್ಯಕ್ಕೆ ಹೋಗಬೇಡಿ.

ಜೆಟ್ ಮುಟ್ಟುವ ಮೊದಲು ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲ್ ಪರೀಕ್ಷಿಸಿ. ಹಳೆಯ ಎಂಜಿನ್ನಿನಲ್ಲಿ ರಬ್ಬರ್ ಗಡುಸಾಗಿ ಗಾಳಿ ಎಳೆಯುತ್ತಿದ್ದರೆ ಯಾವ ಜೆಟ್ಟೂ ಹದಕ್ಕೆ ಬಾರದು. ಅನಂತರ, ಟ್ರ್ಯಾಕಿನಲ್ಲೇ, ನಿಮ್ಮ ಜೆಟ್ಟಿಗಿಂತ ಎರಡು ಮೂರು ಹಂತ ದೊಡ್ಡದನ್ನು ಹಾಕಿ ಹೊರಡಿ. ಅಭ್ಯಾಸದ ಅವಧಿಯಲ್ಲಿ ಪೂರ್ತಿ ಥ್ರಾಟಲಿನಲ್ಲಿ ಓಡಿಸಿ, ಹಿಂದೆ ಬರುವವರಿಗೆ ಕೈ ತೋರಿಸಿ, ಒಮ್ಮೆಗೇ ಕ್ಲಚ್ ಹಿಡಿದು ಎಂಜಿನ್ ಆರಿಸಿ, ಬದಿಗೆ ನಿಲ್ಲಿಸಿದ ಮೇಲೆ ಹೊಸದಾಗಿ ಹಾಕಿದ್ದ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ, ಪಿಂಗಾಣಿಯ ಬುಡವನ್ನು ಭೂತಗನ್ನಡಿಯಲ್ಲಿ ನೋಡಿ. ಅಲ್ಲಿ ಕಾಫಿ ಬಣ್ಣದ ಸಣ್ಣ ಉಂಗುರ ಕಂಡರೆ ಹದ ಸರಿ. ಕಪ್ಪಗೆ ಒದ್ದೆಯಾಗಿದ್ದರೆ ಜೆಟ್ ಒಂದು ಹಂತ ಇಳಿಸಬಹುದು. ಬೆಳ್ಳಗಿದ್ದು, ಮೇಲೆ ಬೆಳ್ಳಿಯ ಪುಡಿಯಂಥ ಚುಕ್ಕಿಗಳು ಕಂಡರೆ ಅದು ಕರಗುತ್ತಿರುವ ಪಿಸ್ಟನ್ನಿನ ಅಲ್ಯೂಮಿನಿಯಂ. ಆ ದಿನ ಮತ್ತೊಂದು ಸುತ್ತಿಗೂ ಹೋಗದೆ ಹೆಡ್ ಬಿಚ್ಚಿ ನೋಡಿ.