ಮಂಜಿನಡಿ ದಿಬ್ಬ ಬೆಳೆಯುವುದನ್ನು ನೋಡುವುದು ಹೇಗೆ?

ಡ್ರಮ್ಲಿನ್ ಕುರಿತ ಕಳೆದ ಸಂಚಿಕೆಯ ಬರಹಕ್ಕೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪ್ರಶ್ನೆಗಳಲ್ಲಿ ಐದನ್ನು ಆರಿಸಿದ್ದೇವೆ. ಆ ಬರಹ ಓದದವರಿಗೆ: ಹಿಮನದಿಯ ಅಡಿಯಲ್ಲಿ ಮಣ್ಣು, ಮರಳು, ಕಲ್ಲು ಕಲಸಿ ಮೂಡುವ, ಬೋರಲು ಹಾಕಿದ ಸೌಟಿನಂಥ ಉದ್ದನೆಯ ದಿಬ್ಬವೇ ಡ್ರಮ್ಲಿನ್.

ನಮ್ಮ ಅಂತರಗಂಗೆ ಬೆಟ್ಟದ ಬಂಡೆಗಳು ತಿಕ್ಕಿ ತೊಳೆದ ಹಾಗೆ ದುಂಡಗಿವೆ. ಇವನ್ನೂ ಹಿಮನದಿಯೇ ಉಜ್ಜಿತ್ತೇ? (ಓದುಗರು, ಕೋಲಾರ)

ಇಲ್ಲ. ಬಂಡೆಯ ಬಿರುಕಿನಲ್ಲಿ ನೀರಿಳಿದಾಗ ಮೂಲೆಗಳಿಗೆ ಎರಡು ಮೂರು ಕಡೆಯಿಂದ ಪೆಟ್ಟು ಬೀಳುತ್ತದೆ, ಹಾಗಾಗಿ ಅವೇ ಮೊದಲು ಕೊಳೆಯುತ್ತವೆ. ಆಮೇಲೆ ಈರುಳ್ಳಿ ಸಿಪ್ಪೆಯಂತೆ ಪದರ ಕಳಚಿ ಒಳಗಿನ ಗುಂಡು ಉಳಿಯುತ್ತದೆ. ಹಿಮನದಿ ಉಜ್ಜಿದ್ದರೆ ಒಂದೇ ದಿಕ್ಕಿಗೆ ಸಾಲಾಗಿ ಗೀರುಗಳಿರಬೇಕು, ದೂರದ ಊರಿನ ಬೇರೆ ಜಾತಿಯ ಕಲ್ಲುಗಳೂ ಬಿದ್ದಿರಬೇಕು. ಅಂಥ ಗುರುತು ಬೇಕಿದ್ದರೆ ಮಹಾರಾಷ್ಟ್ರದ ಚಂದ್ರಪುರದ ಹತ್ತಿರ ಇರೈ ಹೊಳೆಯ ಪಾತ್ರಕ್ಕೆ ಹೋಗಬೇಕು. ಸುಮಾರು 30 ಕೋಟಿ ವರ್ಷ ಹಿಂದಿನ ಮಂಜುಗಡ್ಡೆ ಗೀರಿದ ಸುಣ್ಣಕಲ್ಲು ಅಲ್ಲಿದೆ. ಒಡಿಶಾದ ತಾಲ್ಚೇರ್ ಕಲ್ಲುಗುಂಡುಗಳ ಪದರವೂ ಅದೇ ಕಾಲದ್ದು. ಅದು ಮಂಜಿನ ಕೆಲಸವೆಂದು 1856ರಲ್ಲೇ ಭೂವಿಜ್ಞಾನಿಗಳು ಬರೆದಿದ್ದರು.

ನಾವು ಬೋರ್‌ವೆಲ್ ಲಾರಿ ಇಟ್ಟುಕೊಂಡು 1,500 ಅಡಿಯವರೆಗೂ ಇಳಿಸುತ್ತೇವೆ. ಮಂಜುಗಡ್ಡೆ ಕಲ್ಲಿಗಿಂತ ಮೆತ್ತಗಲ್ಲವೇ? ಅದೇ ಗಾಡಿಯಲ್ಲಿ ಕೊರೆದು ಅಡಿ ನೋಡಿದರಾಗದೇ? (ಚಿಂತಾಮಣಿ)

ಮೆತ್ತಗಿರುವುದೇ ತೊಂದರೆ. ನಿಮ್ಮ ಕಡೆಯ ಕಲ್ಲಿನಲ್ಲಿ ಒಣ ಕೊಳವೆ ವರ್ಷಗಟ್ಟಲೆ ಹಾಗೇ ನಿಲ್ಲುತ್ತದೆ. ಎರಡು ಕಿ.ಮೀ. ಮಂಜಿನ ಬುಡದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 180 ಕಿಲೋ ಭಾರ. ಒಣ ತೂತು ಹೊಡೆದರೆ ಮಂಜು ಹಿಂಡಿಕೊಂಡು ಬಂದು ಅದನ್ನು ಮುಚ್ಚುತ್ತದೆ. ಅದಕ್ಕೇ ಬಿಟ್ ಬದಲು ಬಿಸಿನೀರು. ಹಿಮ ಕರಗಿಸಿ, ಆ ನೀರನ್ನು ಕಾಯಿಸಿ, ಒತ್ತಡ ಕೊಟ್ಟು ಉದ್ದನೆಯ ಹೋಸ್‌ನ ತುದಿಯ ನಳಿಕೆಯಿಂದ ಬಿಡುತ್ತಾರೆ. ತೂತಿನಲ್ಲಿ ನಿಲ್ಲುವ ನೀರೇ ಗೋಡೆಗೆ ಆಸರೆ.

ಇಲ್ಲಿ ಎಡವಟ್ಟಾಗುವುದು ಎರಡು ಕಡೆ. ಸುತ್ತಲ ಮಂಜು ತಣ್ಣಗಿರುವುದರಿಂದ ತೂತು ಗಂಟೆಗಂಟೆಗೂ ಕಿರಿದಾಗುತ್ತದೆ. ಕೆಲಸ ನಿಂತರೆ ಹೋಸ್ ಅಲ್ಲೇ ಹೂತುಹೋಗುತ್ತದೆ. ಎರಡನೆಯದು, ತೂತು ಬುಡ ಮುಟ್ಟಿದೊಡನೆ ನೀರಿನ ಮಟ್ಟ ಧಡಕ್ಕನೆ ಕುಸಿಯುತ್ತದೆ. ಎರಡು ಕಿ.ಮೀ. ಮಂಜಾದರೆ ಮೇಲಿನಿಂದ ಸುಮಾರು 200 ಮೀಟರ್ ಕೆಳಕ್ಕೆ. ನೀರನ್ನು ಮೇಲೆತ್ತಿ ಮತ್ತೆ ಬಳಸುವ ಪಂಪು ಅದಕ್ಕಿಂತ ಆಳದಲ್ಲಿರದಿದ್ದರೆ ಗಾಳಿ ಎಳೆಯುತ್ತದೆ. ಆದರೆ ಆ ಕುಸಿತವೇ ಬುಡ ಸಿಕ್ಕಿತು ಎನ್ನುವುದಕ್ಕೆ ಗುರುತೂ ಹೌದು.

ಪಶ್ಚಿಮ ಅಂಟಾರ್ಕ್ಟಿಕಾದ ರಟ್‌ಫರ್ಡ್ ಹಿಮಪ್ರವಾಹದಲ್ಲಿ (ಸುತ್ತಲ ಮಂಜಿಗಿಂತ ಬೇಗ ಜರುಗುವ ಮಂಜಿನ ಪಟ್ಟಿ) 2004ರ ಯತ್ನ ಕೈಗೂಡಲಿಲ್ಲ. 2019ರ ಜನವರಿಯಲ್ಲಿ 63 ಗಂಟೆ ಬಿಡದೆ ಕೊರೆದು 2,152 ಮೀಟರ್ ಇಳಿದರು. ನಿಮ್ಮ ಲೆಕ್ಕದಲ್ಲಿ ಸುಮಾರು 7,060 ಅಡಿ.

ಇಷ್ಟಾದರೂ ಸಿಗುವುದು ಒಂದೇ ಬಿಂದು. ದಿಬ್ಬದ ಆಕಾರ ಬೇಕೆಂದರೆ ಸದ್ದಿನ ಮೊರೆಹೋಗಬೇಕು. ಮಂಜಿನಲ್ಲಿ ಕಿರುಗುಂಡಿ ತೋಡಿ ಸಣ್ಣ ಸ್ಫೋಟಕ ಸಿಡಿಸಿ, ಸಾಲಾಗಿ ನೆಟ್ಟ ಜಿಯೋಫೋನ್‌ಗಳಲ್ಲಿ (ನೆಲದ ನಡುಕ ಹಿಡಿಯುವ ಉಪಕರಣ) ಮರುದನಿ ಹಿಡಿಯುತ್ತಾರೆ. ಮಂಜಿನಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 3,800 ಮೀಟರ್. ಎರಡು ಕಿ.ಮೀ. ಇಳಿದು ಹತ್ತಲು ಒಂದು ಸೆಕೆಂಡಿಗೆ ತುಸು ಹೆಚ್ಚು. ಬುಡದಲ್ಲಿ ಗಟ್ಟಿ ಮಣ್ಣಿದ್ದರೆ ಮರುದನಿ ಜೋರು. ನೀರು ತುಂಬಿದ ಸಡಿಲ ಕೆಸರಾದರೆ ಕ್ಷೀಣ, ಕೆಲವೊಮ್ಮೆ ಅಲೆ ತಲೆಕೆಳಗಾಗಿಯೇ ಬರುತ್ತದೆ. ಮೇಲ್ಪದರದ ಸಡಿಲ ಹಿಮದಲ್ಲಿ ವೇಗ ಕಡಿಮೆ. ಆ ಲೆಕ್ಕ ಬಿಟ್ಟರೆ ಆಳವೆಲ್ಲ ತಪ್ಪು.

ರಟ್‌ಫರ್ಡ್‌ನಲ್ಲಿ ಒಂದೇ ಗೆರೆಯ ಮೇಲೆ 1991, 1997, 2004ರಲ್ಲಿ ಹೀಗೆ ಅಳೆದರು. ಮಂಜು ದಿನಕ್ಕೆ ಸುಮಾರು ಒಂದು ಮೀಟರ್ ಜರುಗುವುದರಿಂದ 1991ರಲ್ಲಿ ನೆಟ್ಟ ಕಂಬ 1997ರ ಹೊತ್ತಿಗೆ ಎರಡು ಕಿ.ಮೀ. ಆಚೆ. ಕಂಬ ನಂಬಿ ಅಳೆದರೆ ಬೇರೆ ನೆಲ ಅಳೆದ ಹಾಗೆ. ಗೆರೆಯನ್ನು ಭೂಮಿಯ ನಿರ್ದೇಶಾಂಕದ ಮೇಲೆ ಹಿಡಿಯಬೇಕು. ಹಾಗೆ ಹಿಡಿದದ್ದರಿಂದಲೇ ಗೊತ್ತಾಯಿತು: ಮೊದಲ ಆರು ವರ್ಷದಲ್ಲಿ ಅಡಿನೆಲ ವರ್ಷಕ್ಕೆ ಒಂದು ಮೀಟರಿನಂತೆ ಕೊರೆದುಹೋಗಿತ್ತು. ಮುಂದಿನ ಏಳರಲ್ಲಿ ಕೊರೆತ ನಿಂತು, ಸುಮಾರು 10 ಮೀಟರ್ ಎತ್ತರ, 100 ಮೀಟರ್ ಅಗಲದ ದಿಬ್ಬ ಅಲ್ಲೇ ಎದ್ದಿತ್ತು. ಒಂದು ಮಗು ಹುಟ್ಟಿ ಎರಡನೇ ತರಗತಿಗೆ ಸೇರುವಷ್ಟರಲ್ಲಿ ಒಂದು ಡ್ರಮ್ಲಿನ್! ಇಂಥ ದಿಬ್ಬಕ್ಕೆ ಸಾವಿರಾರು ವರ್ಷ ಬೇಕೇ ಬೇಕೆಂದು ಬರೆಯುವವರು ಈ ಅಳತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಭೂಗೋಳ ಎಂ.ಎ. ಓದುತ್ತಿದ್ದೇನೆ. ಅಂಟಾರ್ಕ್ಟಿಕಾಕ್ಕೆ ಹೋಗಲಾಗದು. ಲ್ಯಾಪ್‌ಟಾಪ್‌ನಲ್ಲೇ ಡ್ರಮ್ಲಿನ್ ನಕ್ಷೆ ಮಾಡಬಹುದೇ? (ವಿದ್ಯಾರ್ಥಿನಿ, ತುಮಕೂರು)

ಧಾರಾಳವಾಗಿ. ಐಸ್‌ಲ್ಯಾಂಡಿನ ಮೂಲಾಯೋಕುಲ್ ಹಿಮನದಿಯ ಅಂಚು ಆರಿಸಿಕೊಳ್ಳಿ. ಮಂಜು ಹಿಂದೆ ಸರಿದಂತೆ ಅಲ್ಲಿ ಹೊಸ ಡ್ರಮ್ಲಿನ್‌ಗಳು ಬಯಲಾಗುತ್ತಿವೆ. ನೆಲವನ್ನು 2 ಮೀಟರ್ ಚೌಕಗಳಾಗಿ ಸೀಳಿ ಒಂದೊಂದರ ಎತ್ತರ ಕೊಡುವ ಆರ್ಕ್ಟಿಕ್‌ಡೆಮ್ ದತ್ತಾಂಶ ಪುಕ್ಕಟೆ, ನಕ್ಷೆ ಮಾಡುವ ಕ್ಯೂಜಿಐಎಸ್ ತಂತ್ರಾಂಶವೂ ಪುಕ್ಕಟೆ. 30 ಮೀಟರ್ ಚೌಕದ ದತ್ತಾಂಶದಿಂದ ಶುರು ಮಾಡಬೇಡಿ. ಬ್ರಿಟನ್ನಿನ ಡ್ರಮ್ಲಿನ್‌ಗಳ ಸರಾಸರಿ ಉದ್ದ 629 ಮೀಟರ್, ಅಗಲ 209. ಅಂದರೆ ಅಡ್ಡಕ್ಕೆ ಏಳೇ ಚೌಕ, ಅಂಚು ಎಲ್ಲಿ ಎಂದು ಗೆರೆ ಎಳೆಯಲಾಗದು.

ನೆರಳು-ನಕ್ಷೆ ಮಾಡುವಾಗ ಬೆಳಕನ್ನು ಒಂದೇ ದಿಕ್ಕಿನಿಂದ ಬಿಡಬೇಡಿ. ಬೆಳಕಿಗೆ ಸಮಾನಾಂತರವಾಗಿರುವ ದಿಬ್ಬ ನೆರಳೇ ಬೀಳಿಸದೆ ಮಾಯವಾಗುತ್ತದೆ. 315 (ವಾಯವ್ಯ) ಮತ್ತು 45 (ಈಶಾನ್ಯ) ಡಿಗ್ರಿ ಎರಡೂ ದಿಕ್ಕಿನ ಬೆಳಕಿನಲ್ಲಿ ನೋಡಿ, ಜೊತೆಗೆ ಇಳಿಜಾರು ನಕ್ಷೆಯನ್ನೂ ಇಟ್ಟುಕೊಳ್ಳಿ. ಬುಡದ ಸುತ್ತ ಗೆರೆ ಎಳೆದು ಉದ್ದ, ಅಗಲ, ದಿಕ್ಕು ಬರೆದುಕೊಳ್ಳಿ.

ಪರೀಕ್ಷೆಯಲ್ಲೂ ಎಲ್ಲರೂ ಎಡವುವ ಜಾಗ: ಮಾದರಿ ಡ್ರಮ್ಲಿನ್‌ಗೆ ಮಂಜು ಬಂದ ಕಡೆ ಕಡಿದು, ಹೋದ ಕಡೆ ಬಾಲದಂತೆ ಇಳಿಜಾರು. ಹಿಮನದಿ ಉಜ್ಜಿದ ಕಲ್ಲುಬಂಡೆಗೆ ಇದು ಉಲ್ಟಾ: ಬಂದ ಕಡೆ ನುಣುಪು, ಹೋದ ಕಡೆ ಕಿತ್ತುಹೋದ ಕಡಿದು. ಬಂಡೆಯೋ ಮಣ್ಣೋ ತಿಳಿಯದೆ ಬಾಣದ ಗುರುತು ಹಾಕಿದರೆ ಹಿಮನದಿ ಹಿಮ್ಮುಖವಾಗಿ ಹರಿದೀತು.

ಪ್ರೌಢಶಾಲೆ ಮಕ್ಕಳಿಗೆ ತರಗತಿಯಲ್ಲೇ ತೋರಿಸುವಂಥದ್ದು ಏನಾದರೂ ಇದೆಯೇ? (ಶಿಕ್ಷಕರು, ಶಿಡ್ಲಘಟ್ಟ)

ಡ್ರಮ್ಲಿನ್ ಮೇಜಿನ ಮೇಲೆ ಮೂಡುವುದಿಲ್ಲ, ಗೀರು ಮೂಡುತ್ತದೆ. ಅರ್ಧ ಲೀಟರ್ ಹಿಡಿಯುವ ಡಬ್ಬಿಗೆ ಒಂದು ಹಿಡಿ ದಪ್ಪ ಮರಳು, ನಾಲ್ಕೈದು ಸಣ್ಣ ಜಲ್ಲಿಕಲ್ಲು ಹಾಕಿ, ನೀರು ತುಂಬಿ ಒಂದು ರಾತ್ರಿ ಫ್ರೀಜರಿನಲ್ಲಿಡಿ. ಮರಳು ತಳಕ್ಕಿಳಿಯುತ್ತದೆ. ಇಳಿಯಲಿ, ನಮಗೆ ಬೇಕಾದ್ದೂ ತಳವೇ. ಬಟ್ಟೆ ಸೋಪಿನ ಬಿಲ್ಲೆಯ ಮೇಲೆ ಆ ಮಗ್ಗುಲನ್ನಿಟ್ಟು, ಒತ್ತಿ, ಒಂದೇ ದಿಕ್ಕಿಗೆ ಹತ್ತು ಸಲ ಎಳೆಯಿರಿ. ತೆಗೆದ ತಕ್ಷಣ ಎಳೆದರೆ ಮಂಜು ಸೋಪಿಗೆ ಅಂಟಿಕೊಳ್ಳುತ್ತದೆ. ಮೇಲ್ಮೈ ಒದ್ದೆಯಾಗುವವರೆಗೆ ಐದು ನಿಮಿಷ ಬಿಡಿ. ತೀರಾ ಕರಗಿದರೆ ಮರಳು ಹಿಡಿತ ತಪ್ಪಿ ಉರುಳುತ್ತದೆ, ಗೀರುವುದಿಲ್ಲ. ಅಡಿನೆಲಕ್ಕೆ ಅಂಟಿ ಹೆಪ್ಪುಗಟ್ಟಿದ ಹಿಮನದಿ ಹೆಚ್ಚು ಸವೆಸದೆ, ಬುಡದಲ್ಲಿ ನೀರಿನ ಪೊರೆ ಇರುವುದು ಜೋರಾಗಿ ಸವೆಸುವುದೂ ಇದರಿಂದಲೇ ಮಕ್ಕಳಿಗೆ ತಿಳಿಯುತ್ತದೆ.

ಮನುಷ್ಯರೇ ಹಿಮನದಿಯ ಅಡಿಗೆ ಹೋಗಬಹುದೇ? (ಗೌರಿಬಿದನೂರು)

ನಾರ್ವೆಯ ಎಂಗಾಬ್ರೇನ್ ಹಿಮನದಿಯ ಅಡಿ ಹೋಗಬಹುದು. ಜಲವಿದ್ಯುತ್ ಯೋಜನೆಯ ಕಲ್ಲುಸುರಂಗದಿಂದ ಕವಲು ತೆಗೆದು 1992ರಿಂದ ಪ್ರಯೋಗಾಲಯ ನಡೆಸುತ್ತಿದ್ದಾರೆ. ತಲೆಯ ಮೇಲೆ ಸುಮಾರು 200 ಮೀಟರ್ ಮಂಜು. ಬಿಸಿನೀರು ಹಾಯಿಸಿ ಗುಹೆ ಕರಗಿಸಿ ಉಪಕರಣ ಕೂರಿಸುತ್ತಾರೆ. ನೀರು ನಿಲ್ಲಿಸಿದ ಕೆಲವೇ ದಿನಗಳಲ್ಲಿ ಮಂಜು ಆ ಗುಹೆಯನ್ನು ಮತ್ತೆ ಮುಚ್ಚುತ್ತದೆ. ಅಲ್ಲಿ ಅಡಿನೆಲ ಗಟ್ಟಿ ಬಂಡೆ, ಹಾಗಾಗಿ ಡ್ರಮ್ಲಿನ್ ನೋಡಲು ಅದು ಜಾಗವಲ್ಲ.