ತಿಂಗಳ ಚಂದಾ, ದಿನಕ್ಕೊಂದು ಸಿನಿಮಾ: ಪೆರ್ಲದ ಓದುಗರಿಗೆ ಉತ್ತರ

ಪೆರ್ಲದಿಂದ ಪತ್ರ ಬರೆದ ಹಿರಿಯ ಓದುಗರಿಗೆ ನಮಸ್ಕಾರ.

ತಮ್ಮ ನಾಲ್ಕು ಪುಟಗಳ ಪತ್ರ ಕೈಸೇರಿದೆ. ಕಾಸರಗೋಡಿನ ಚಿತ್ರಮಂದಿರಗಳಿಗೆ ಕನ್ನಡ ಚಿತ್ರ ಬರುವುದೇ ಅಪರೂಪ, ನೋಡಬೇಕೆಂದರೆ ತಲಪಾಡಿ ದಾಟಿ ಮಂಗಳೂರಿಗೆ ಹೋಗಬೇಕು ಎಂದು ತಾವು ಬರೆದಿರುವ ಸಂಕಟ ನಮ್ಮದೂ ಹೌದು. ಇದಕ್ಕೆ ಪರಿಹಾರವಾಗಿ ತಮ್ಮ ಸೋದರಳಿಯ ಮತ್ತು ಅವನ ಗೆಳೆಯರು ಒಂದು ಯೋಜನೆ ಹಾಕಿದ್ದಾರೆ. ತಿಂಗಳಿಗೆ 300 ರೂಪಾಯಿ ಚಂದಾ ಕೊಟ್ಟವರು ಕಾಸರಗೋಡಿನಲ್ಲಾಗಲಿ ಮಂಗಳೂರಿನಲ್ಲಾಗಲಿ ಎಷ್ಟು ಕನ್ನಡ, ತುಳು ಚಿತ್ರಗಳನ್ನು ನೋಡಿದರೂ ಟಿಕೆಟಿನ ಹಣವನ್ನು ಇವರೇ ಭರಿಸುತ್ತಾರೆ. ಅದಕ್ಕೆ ಮೂಲಧನವಾಗಿ ತಾವು ಈ ವರ್ಷದ ಅಡಿಕೆಯ ಹಣದಿಂದ ಎರಡು ಲಕ್ಷ ಕೊಡಬೇಕು. ಅಮೆರಿಕದಲ್ಲಿ ಮೂವಿಪಾಸ್ ಎಂಬ ಕಂಪನಿ ಹೀಗೆಯೇ ಲಕ್ಷಗಟ್ಟಲೆ ಜನರನ್ನು ಸೇರಿಸಿತೆಂದು ಅವರು ಹೇಳುತ್ತಾರೆ. ಪತ್ರಿಕೆ ಚಂದಾ ಹಣದಲ್ಲಿ ನಡೆಯುವುದಾದರೆ ಸಿನಿಮಾ ಏಕೆ ನಡೆಯಬಾರದು ಎಂಬುದು ತಮ್ಮ ಪ್ರಶ್ನೆ.

ಈಗಿರುವ ರೂಪದಲ್ಲಿ ಆ ಯೋಜನೆಗೆ ದಯವಿಟ್ಟು ಹಣ ಹಾಕಬೇಡಿ. ಹುಡುಗರ ಉತ್ಸಾಹದ ಬಗ್ಗೆ ನನಗೆ ಗೌರವವಿದೆ. ಆ ಗೌರವದಿಂದಲೇ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೂವಿಪಾಸ್ ಲಕ್ಷಗಟ್ಟಲೆ ಜನರನ್ನು ಸೇರಿಸಿದ್ದು ನಿಜ. ಸ್ಟೇಸಿ ಸ್ಪೈಕ್ಸ್ ಮತ್ತು ಹ್ಯಾಮೆಟ್ ವಾಟ್ ಅದನ್ನು 2011ರಲ್ಲಿ ಆರಂಭಿಸಿದರು. ಕೆಲವು ವರ್ಷ ಅದು ಹೆಚ್ಚಿನ ದರದಲ್ಲಿ, ಸುಮಾರು 20,000 ಚಂದಾದಾರರೊಡನೆ ಸದ್ದಿಲ್ಲದೆ ನಡೆದಿತ್ತು. 2017ರ ಆಗಸ್ಟ್‌ನಲ್ಲಿ ಹೀಲಿಯಸ್ ಆಂಡ್ ಮ್ಯಾಥೆಸನ್ ಎಂಬ ಕಂಪನಿ ಅದರ ಬಹುಪಾಲು ಶೇರನ್ನು ಕೊಂಡುಕೊಂಡು, ತಿಂಗಳಿಗೆ 9.95 ಡಾಲರ್, ಎಂದರೆ ಆಗಿನ ಲೆಕ್ಕದಲ್ಲಿ ಸುಮಾರು 640 ರೂಪಾಯಿ ಕೊಟ್ಟರೆ ದಿನಕ್ಕೊಂದು ಸಿನಿಮಾ ನೋಡಬಹುದೆಂದು ಸಾರಿತು. ಆ ವರ್ಷ ಅಮೆರಿಕದಲ್ಲಿ ಒಂದು ಟಿಕೆಟಿನ ಸರಾಸರಿ ಬೆಲೆ 8.97 ಡಾಲರ್. ಚಂದಾದಾರನ ಕೈಗೆ ಕಂಪನಿ ಒಂದು ಕಾರ್ಡು ಕೊಟ್ಟಿತ್ತು. ಅವನು ಚಿತ್ರಮಂದಿರದ ಹತ್ತಿರ ಹೋಗಿ ಮೊಬೈಲಿನಲ್ಲಿ ಚಿತ್ರವನ್ನು ಆರಿಸಿದರೆ ಟಿಕೆಟಿನ ಹಣ ಆ ಕಾರ್ಡಿಗೆ ಜಮಾ ಆಗುತ್ತಿತ್ತು, ಕೌಂಟರಿನಲ್ಲಿ ಅದನ್ನು ಉಜ್ಜಿ ಟಿಕೆಟ್ ಪಡೆಯಬೇಕಿತ್ತು. ಬಹುತೇಕ ಕಡೆ ಚಿತ್ರಮಂದಿರಕ್ಕೆ ಸಿಗುತ್ತಿದ್ದುದು ಪೂರ್ಣ ಬೆಲೆಯೇ, ಒಂದು ಪೈಸೆಯ ರಿಯಾಯಿತಿಯೂ ಇಲ್ಲ. ತಿಂಗಳಿಗೆ ಒಂದು ಚಿತ್ರ ನೋಡುವವನಿಂದ ಕಂಪನಿಗೆ ಉಳಿಯುತ್ತಿದ್ದುದು ಒಂದು ಡಾಲರಿಗೂ ಕಡಿಮೆ, ಎರಡನೆಯ ಚಿತ್ರದಿಂದಲೇ ನಷ್ಟ. ಟಿಕೆಟು ದುಬಾರಿಯಾಗಿರುವ ನ್ಯೂಯಾರ್ಕಿನಂಥ ನಗರದಲ್ಲಂತೂ ಮೊದಲ ಚಿತ್ರಕ್ಕೇ ನಷ್ಟ.

ಜನ ಮುಗಿಬಿದ್ದರು. 2017ರ ಡಿಸೆಂಬರಿನಲ್ಲಿ ಚಂದಾದಾರರು 10 ಲಕ್ಷ ದಾಟಿದರು, ಮರುವರ್ಷ ಜೂನ್ ಹೊತ್ತಿಗೆ 30 ಲಕ್ಷ. ಸಾಮಾನ್ಯ ವ್ಯಾಪಾರದಲ್ಲಿ ಇದು ಹಬ್ಬದ ಸುದ್ದಿ. ಇಲ್ಲಿ ಹೊಸದಾಗಿ ಸೇರಿದ ಪ್ರತಿಯೊಬ್ಬನೂ ಕಂಪನಿಯ ಮೇಲಿನ ಹೊರೆಯನ್ನು ಹೆಚ್ಚಿಸುತ್ತಿದ್ದ. ಆ ಅವಧಿಯಲ್ಲಿ ಕಂಪನಿ ತಿಂಗಳಿಗೆ ಸರಾಸರಿ 2.17 ಕೋಟಿ ಡಾಲರ್ ಕೊರತೆ ಅನುಭವಿಸುತ್ತಿತ್ತೆಂದು ಅದರ ದಾಖಲೆಗಳೇ ಹೇಳಿದವು.

ನಮ್ಮ ಪತ್ರಿಕೆಯ ಚಂದಾ ಇದಕ್ಕಿಂತ ಹೇಗೆ ಬೇರೆ ಎಂಬುದನ್ನು ಹೇಳಲು ಯಕ್ಷಗಾನದ ಡೇರೆ ಮೇಳವನ್ನು ನೆನಪಿಗೆ ತಂದುಕೊಳ್ಳೋಣ. ಡೇರೆ ಹಾಕಿ, ಕುರ್ಚಿ ಜೋಡಿಸಿ, ಕಲಾವಿದರ ಸಂಬಳ ಗೊತ್ತುಮಾಡಿದ ಮೇಲೆ ಆ ರಾತ್ರಿ ನೂರು ಜನ ಬಂದರೂ ಐನೂರು ಜನ ಬಂದರೂ ಯಜಮಾನನ ಖರ್ಚು ಹೆಚ್ಚುಕಡಿಮೆ ಒಂದೇ. ಖಾಲಿ ಕುರ್ಚಿಯಲ್ಲಿ ರಿಯಾಯಿತಿಯ ಪ್ರೇಕ್ಷಕನೊಬ್ಬ ಬಂದು ಕುಳಿತರೆ ಅವನಿಂದ ಬಂದ ಹಣವೆಲ್ಲ ಬಹುಪಾಲು ಲಾಭವೇ. ಪತ್ರಿಕೆಯೂ ಹೀಗೆಯೇ. ಪುಟ ಕಟ್ಟಿ, ಪ್ಲೇಟು ಮಾಡಿ, ಯಂತ್ರ ಓಡಲಾರಂಭಿಸಿದ ಮೇಲೆ ಇನ್ನೊಂದು ಪ್ರತಿಗೆ ಬೇಕಾದದ್ದು ಕಾಗದ, ಶಾಯಿ ಮತ್ತು ಅಂಚೆಯ ವೆಚ್ಚ ಮಾತ್ರ. ಚಂದಾ ಅದಕ್ಕಿಂತ ಹೆಚ್ಚಿರುತ್ತದೆ. ತಾವು ಒಂದೇ ಸಂಚಿಕೆಯನ್ನು ಹತ್ತು ಸಲ ಓದಿ, ಬಳಿಕ ನೆರೆಮನೆಯವರಿಗೆ ಕೊಟ್ಟರೆ ನಮಗೆ ಖರ್ಚಿಲ್ಲ, ಸಂತೋಷವಿದೆ. ಮೂವಿಪಾಸಿನ ಚಂದಾದಾರನಾದರೋ ಪ್ರತಿ ಸಲ ಕುರ್ಚಿಯಲ್ಲಿ ಕುಳಿತಾಗಲೂ ಕಂಪನಿ ಬೇರೆಯವರ ಡೇರೆಗೆ ಹೋಗಿ ಪೂರ್ತಿ ಹಣ ಎಣಿಸಿ ಕೊಡಬೇಕಿತ್ತು. ಡೇರೆ ತನ್ನದಲ್ಲ, ಕುರ್ಚಿ ತನ್ನದಲ್ಲ, ಚಿತ್ರವೂ ತನ್ನದಲ್ಲ.

ಅದನ್ನು ನಡೆಸಿದವರಿಗೆ ಈ ಲೆಕ್ಕ ತಿಳಿಯದೆ ಇರಲಿಲ್ಲ. ಆರಂಭದ ಹುರುಪು ಇಳಿದ ಮೇಲೆ, ಜಿಮ್ಮಿಗೆ ಹಣ ಕಟ್ಟಿ ಹೋಗದೆ ಉಳಿಯುವವರಂತೆ, ಹೆಚ್ಚಿನವರು ತಿಂಗಳಿಗೊಂದು ಚಿತ್ರವನ್ನೂ ನೋಡಲಾರರೆಂದು ಅವರು ಎಣಿಸಿದ್ದರು. ಮುಂದೆ ಚಿತ್ರಮಂದಿರಗಳು ತಾವು ಮಾರುವ ಪಾಪ್‌ಕಾರ್ನಿನ ಲಾಭದಲ್ಲಿ ಪಾಲು ಕೊಟ್ಟಾವು, ಪ್ರೇಕ್ಷಕರ ಓಡಾಟ ಮತ್ತು ಅಭಿರುಚಿಯ ಮಾಹಿತಿಗೆ ಬೆಲೆ ಬಂದೀತು ಎಂದೂ ನಂಬಿದ್ದರು. ಆದರೆ ಜಿಮ್ಮಿಗೆ ಹೋಗುವುದು ಶ್ರಮ, ಸಿನಿಮಾಕ್ಕೆ ಹೋಗುವುದು ಸುಖ. ಚಿತ್ರಮಂದಿರದವರಿಗೂ ಪೂರ್ಣ ಬೆಲೆ ಹೇಗೂ ಕೈಸೇರುತ್ತಿರುವಾಗ ಪಾಲು ಕೊಡುವ ಅಗತ್ಯವೇನು? ದೇಶದ ಅತಿ ದೊಡ್ಡ ಚಿತ್ರಮಂದಿರ ಸರಣಿಯಾದ ಎಎಂಸಿ ಮೊದಲಿನಿಂದಲೇ ಈ ದರವನ್ನು ವಿರೋಧಿಸಿತು. 2018ರ ಜೂನಿನಲ್ಲಿ 19.95 ಡಾಲರಿಗೆ ವಾರಕ್ಕೆ ಮೂರು ಚಿತ್ರಗಳ ತನ್ನದೇ ಚಂದಾ ಯೋಜನೆಯನ್ನು ಹೊರತಂದಿತು. ಅದರದ್ದು ಸ್ವಂತ ಡೇರೆ. ವಿತರಕರಿಗೆ ಸಲ್ಲಬೇಕಾದ ಪಾಲು ಸಂದರೂ ಖಾಲಿ ಕುರ್ಚಿ ತುಂಬುವ ಲಾಭ, ತಿಂಡಿ ಪಾನೀಯದ ಲಾಭ ಎರಡೂ ಅದರ ಮನೆಯೊಳಗೇ ಉಳಿಯುತ್ತಿತ್ತು.

ಮುಂದಿನದು ಬೇಗ ಮುಗಿಯಿತು. 2018ರ ಜುಲೈ ಕೊನೆಯಲ್ಲಿ ಟಿಕೆಟಿಗೆ ಕೊಡಲು ಹಣವಿಲ್ಲದೆ ಸೇವೆ ನಿಂತಿತು, 50 ಲಕ್ಷ ಡಾಲರ್ ತುರ್ತು ಸಾಲ ಪಡೆದು ಮತ್ತೆ ಚಾಲೂ ಮಾಡಿದರು. ಆಗಸ್ಟ್‌ನಲ್ಲಿ ದಿನಕ್ಕೊಂದು ಎಂದಿದ್ದದ್ದು ತಿಂಗಳಿಗೆ ಮೂರಾಯಿತು. 2019ರ ಸೆಪ್ಟೆಂಬರ್ 14ರಂದು ಬಾಗಿಲು ಮುಚ್ಚಿತು, 2020ರ ಜನವರಿಯಲ್ಲಿ ದಿವಾಳಿ ಅರ್ಜಿ.

ನನ್ನನ್ನು ಹೆಚ್ಚು ನೋಯಿಸಿದ್ದು ಈ ನಷ್ಟವಲ್ಲ. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 2021ರಲ್ಲಿ ಹೊರಿಸಿದ ಆರೋಪದ ಪ್ರಕಾರ, ಅತಿ ಹೆಚ್ಚು ಸಿನಿಮಾ ನೋಡುತ್ತಿದ್ದ 75,000 ಚಂದಾದಾರರ ಖಾತೆಗಳಲ್ಲಿ ಅನುಮಾನಾಸ್ಪದ ಚಟುವಟಿಕೆ ಕಂಡುಬಂದಿದೆಯೆಂಬ ನೆಪ ಹೇಳಿ ಕಂಪನಿ ಅವರ ಪಾಸ್‌ವರ್ಡುಗಳನ್ನು ರದ್ದು ಮಾಡಿತ್ತು. ಸಿನಿಮಾವನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸುವವನೇ ಸಿನಿಮಾ ಕಂಪನಿಗೆ ವೈರಿಯಾಗುವಂಥ ವ್ಯವಹಾರ ಅದಾಗಿತ್ತು. ಕಂಪನಿಯನ್ನು ನಡೆಸಿದ ಮಿಚ್ ಲೋ 2024ರಲ್ಲಿ, ಅದನ್ನು ಕೊಂಡ ಹೀಲಿಯಸ್ ಆಂಡ್ ಮ್ಯಾಥೆಸನ್ನಿನ ಮುಖ್ಯಸ್ಥರಾಗಿದ್ದ ಟೆಡ್ ಫಾರ್ನ್ಸ್‌ವರ್ತ್ 2025ರಲ್ಲಿ ವಂಚನೆ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡರು. ತಮ್ಮ ಸೋದರಳಿಯ ಅಂಥ ಹುಡುಗನಲ್ಲವೆಂದು ತಮ್ಮ ಪತ್ರದಿಂದಲೇ ಗೊತ್ತಾಗುತ್ತದೆ. ಆದರೆ ಕೈಯಲ್ಲಿ ಹಣ ಮುಗಿದಾಗ, ಮಾತು ಕೊಟ್ಟವರೆದುರು ನಿಲ್ಲಬೇಕಾದಾಗ, ಒಳ್ಳೆಯವರೂ ನೆಪ ಹುಡುಕುತ್ತಾರೆ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಾನು ಮೊದಲು ಕೆಲಸಕ್ಕೆ ಸೇರಿದ ಸಣ್ಣ ಮಾಸಪತ್ರಿಕೆಯಲ್ಲಿ ಆಜೀವ ಚಂದಾ ಯೋಜನೆ ಇತ್ತು. ಒಮ್ಮೆ ಒಂದು ಮೊತ್ತ ಕೊಟ್ಟರೆ ಬದುಕಿರುವವರೆಗೆ ಪತ್ರಿಕೆ. ಬಂದ ಹಣವನ್ನು ಬ್ಯಾಂಕಿನಲ್ಲಿಟ್ಟು ಬಡ್ಡಿಯಲ್ಲಿ ಪ್ರತಿ ಕಳಿಸಬೇಕಿತ್ತು. ಆದರೆ ಅದನ್ನು ಆ ವರ್ಷದ ಕಾಗದದ ಬಾಕಿಗೆ ಕಟ್ಟಿದೆವು. ಮುಂದಿನ ವರ್ಷ ಹೊಸ ಆಜೀವ ಸದಸ್ಯರ ಹಣದಿಂದ ಹಳಬರಿಗೆ ಪತ್ರಿಕೆ ಹೋಯಿತು. ವಿಳಾಸದ ಚೀಟಿ ಬರೆಯುತ್ತಿದ್ದವನು ನಾನೇ ಆದ್ದರಿಂದ, ಹೆಸರು ಹೆಚ್ಚಿದಷ್ಟೂ ನಮ್ಮ ಯಜಮಾನರ ಮುಖ ಕಪ್ಪಿಡುತ್ತಿದ್ದುದನ್ನು ನೋಡಿದ್ದೆ. ಪತ್ರಿಕೆ ನಿಂತ ಮೇಲೆ ಕುಂಬಳೆಯ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಮಡಚಿ ಮಡಚಿ ನಾಲ್ಕು ತುಂಡಾಗಿದ್ದ ರಶೀದಿಯನ್ನು ಅಂಗೈಯಲ್ಲಿ ಜೋಡಿಸಿ ಹಿಡಿದು ಕಚೇರಿಯ ಮೆಟ್ಟಿಲಲ್ಲಿ ನಿಂತಿದ್ದರು. ಅಂಚೆಯಲ್ಲಿ ತೊಂದರೆಯಾಗಿರಬೇಕು ಎಂದು ಅವರಿಗೆ ಹೇಳಿ ಕಳಿಸಿದವನು ನಾನು.

ಈಗ ಹುಡುಗರ ಲೆಕ್ಕವನ್ನೇ ನೋಡೋಣ. ಟಿಕೆಟಿಗೆ 200 ರೂಪಾಯಿ ಎಂದಿಟ್ಟುಕೊಂಡರೆ, ತಿಂಗಳಿಗೆ ಮೂರು ಚಿತ್ರ ನೋಡುವವನ ಬಾಬ್ತು 600 ರೂಪಾಯಿ ಹೋಗುತ್ತದೆ, 300 ಬರುತ್ತದೆ. ಅಂಥವರು ನೂರು ಮಂದಿ ಇದ್ದರೆ ತಿಂಗಳಿಗೆ 30,000 ನಷ್ಟ, ತಮ್ಮ ಎರಡು ಲಕ್ಷ ಏಳನೆಯ ತಿಂಗಳಲ್ಲಿ ಮುಗಿಯುತ್ತದೆ. ಯೋಜನೆ ಜನಪ್ರಿಯವಾಗಿ ಮುನ್ನೂರು ಮಂದಿ ಸೇರಿದರೆ ಮೂರನೆಯ ತಿಂಗಳಲ್ಲೇ ಮುಗಿಯುತ್ತದೆ. ನಮ್ಮ ದೇಶದಲ್ಲಿ ಪಿವಿಆರ್ ಐನಾಕ್ಸ್ 2023ರ ಅಕ್ಟೋಬರಿನಲ್ಲಿ ತಿಂಗಳಿಗೆ 699 ರೂಪಾಯಿಗೆ ಹತ್ತು ಚಿತ್ರಗಳ ಪಾಸ್ ತಂದಾಗ ಅದು ನಡೆಯುವುದು ಸೋಮವಾರದಿಂದ ಗುರುವಾರದವರೆಗೆ ಮಾತ್ರ ಎಂದು ಕಟ್ಟು ಹಾಕಿತ್ತು. ಸ್ವಂತ ಪರದೆಗಳಿರುವವರೇ ಕುರ್ಚಿ ಖಾಲಿ ಇರುವ ದಿನಗಳನ್ನು ಆರಿಸಿಕೊಂಡರು ಎಂಬುದನ್ನು ಹುಡುಗರು ಗಮನಿಸಬೇಕು.

ಹಾಗೆಂದು ಅವರ ಆಸೆಯನ್ನು ಕೈಬಿಡಬೇಕಿಲ್ಲ. ಟಿಕೆಟುಗಳನ್ನು ಒಂದೊಂದಾಗಿ ಕೊಳ್ಳುವ ಬದಲು, ಕಾಸರಗೋಡಿನ ಯಾವುದಾದರೂ ಚಿತ್ರಮಂದಿರದ ಮಾಲೀಕರನ್ನು ಕಂಡು, ತಿಂಗಳಿಗೆ ಎರಡು ಸಲ ವಾರದ ನಡುವಿನ ಒಂದು ಬೆಳಗಿನ ಪ್ರದರ್ಶನವನ್ನು ಇಡಿಯಾಗಿ ಗುತ್ತಿಗೆಗೆ ಕೇಳಲಿ. ಯಾವ ಕನ್ನಡ ಚಿತ್ರವೆಂಬುದನ್ನು ವಿತರಕರೊಡನೆ ಮೊದಲೇ ಗೊತ್ತುಮಾಡಿಕೊಳ್ಳಲಿ. ಆಗ ಕೊಡಬೇಕಾದ ಮೊತ್ತ ನಿಶ್ಚಿತವಾಗಿರುತ್ತದೆ. ಅದನ್ನು ಸದಸ್ಯರ ಸಂಖ್ಯೆಗೆ ಹಂಚಿದರೆ ಚಂದಾ ಎಷ್ಟಿರಬೇಕೆಂದು ತಾನೇ ತಿಳಿಯುತ್ತದೆ, ಐವತ್ತನೆಯವನು ಬಂದು ಕುಳಿತರೂ ನಲವತ್ತೊಂಬತ್ತು ಮಂದಿಗೆ ಭಾರವಾಗುವುದಿಲ್ಲ. ಆಯಾ ತಿಂಗಳ ಚಂದಾವನ್ನು ಆಯಾ ತಿಂಗಳಿಗೇ ಪಡೆಯಲಿ, ವರ್ಷದ ಹಣವನ್ನು ಮುಂಗಡವಾಗಿ ಮುಟ್ಟುವುದು ಬೇಡ. ತಮ್ಮ ಎರಡು ಲಕ್ಷವೂ ಬೇಕಾಗದು. ಮೊದಲ ಪ್ರದರ್ಶನದ ಠೇವಣಿಗೆ ಬೇಕಾದಷ್ಟನ್ನು ಕೊಟ್ಟರೆ ಸಾಕು.

ಮಾಲೀಕರು ಹೇಳಿದ ಬಾಡಿಗೆಯನ್ನು ಲಿಖಿತವಾಗಿ ಪಡೆದು, ವಿತರಕರ ಪಾಲನ್ನೂ ಸೇರಿಸಿ ಲೆಕ್ಕ ಹಾಕಿದ ಹಾಳೆಯೊಂದಿಗೆ ಹುಡುಗರು ನಮ್ಮ ಕಚೇರಿಗೆ ಬರಲಿ. ಪ್ರತಿ ತಿಂಗಳ 10ರ ನಂತರ ಪತ್ರಿಕೆ ಅಂಚೆಗೆ ಹೋಗಿರುತ್ತದೆ, ನನಗೆ ಬಿಡುವಿರುತ್ತದೆ. ಲೆಕ್ಕ ಸರಿಯಿದ್ದರೆ ಮುಂದಿನ ಸಂಚಿಕೆಯ ಕೊನೆಯ ಪುಟದಲ್ಲಿ ಅವರ ಪ್ರಕಟಣೆಯನ್ನು ಉಚಿತವಾಗಿ ಹಾಕುತ್ತೇವೆ, ಮೊದಲ ತಿಂಗಳ ಚಂದಾದಾರರಲ್ಲಿ ನನ್ನ ಹೆಸರನ್ನೂ ಬರೆದುಕೊಳ್ಳಲಿ.

– ಸಂಪಾದಕ